ಅಕ್ಕೋರ ಪತ್ತೇದಾರಿ

ಬಸ್ಸು ಶಿಕಾರಿಪುರ ದಾಟಿ ಶಿರಾಳಕೊಪ್ಪದ ರಸ್ತೆ ಹಿಡಿದ ಮೇಲೂ ಮಹಾದೇವಮ್ಮನಿಗೆ ತನ್ನ ಕತ್ತು ನಿನ್ನೆ ಬಗ್ಗಿದಲ್ಲಿಯೇ ಬಗ್ಗಿ ನಿಂತಿದೆ ಅನ್ನಿಸುತ್ತಿತ್ತು. ನಿನ್ನೆ ಶನಿವಾರ, ಬೆಳಗಿನ ಶಾಲೆ ಬಿಟ್ಟು ಹುಡುಗಿಯರೆಲ್ಲ ಹೋದಮೇಲೆ, ಹೆಡ್ ಮೇಷ್ಟ್ರು ಪರಮಶಿವಪ್ಪನವರು ನಶ್ಯದ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಬಡಿಯುತ್ತ, "ಸೊರಬದಿಂದ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿಕಳಿಸಿದಾರ್ರೀ. ನಮ್ಮ ಐದನೇ ಕ್ಲಾಸಿನ ಕಾಪಿ ಪುಸ್ತಕದ ಗಂಟಿನಾಗೆ ಒಂದು ಪತ್ತೇದಾರಿ ಕಾದಂಬರಿ ಸಿಕ್ಕಿದೆಯಂತೆ. ಹುಲಿಯಪ್ಪನ ಮಗಳು ಹೂವಮ್ಮ ಇದಾಳಲ್ಲ, ಅವಳ ಪುಸ್ತಕದ ಒಳಗೇ ಇತ್ತಂತೆ. ನಾಳೆ ನಾವಿಬ್ಬರೂ ಹೋಗಿಬರಬೇಕು," ಎಂದಿದ್ದರು. ಆಮೇಲೆ ದನಿ ತಗ್ಗಿಸಿ, "ನಿಮಗೇನೂ ತೊಂದರೆ ಆಗೋದಿಲ್ಲ ಬಿಡ್ರಿ. ಹುಡುಗೀದೇ ಅಂತ ಹೇಳಿ ಹೆಸರು ಹೊಡೆದುಹಾಕಿದರೆ ಮುಗೀತು. ಅವರಪ್ಪನೂ ಶಾಲೆ ಬಿಡಿಸಬೇಕು ಅಂತಲೇ ಇದಾನೆ," ಎಂದಿದ್ದರು. ಆಗ ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತ್ತು ಮಾತ್ರ ಒಂದು ಸಲ ಕೆಳಗೆ ಹೋಗಿ ಮೇಲೆ ಬಂತು. ಅಷ್ಟು ಸಾಕಾಗಿತ್ತು ಮೇಷ್ಟ್ರಿಗೆ. ಒಂದು ಚಿಟಿಕೆ ನಶ್ಯ ಏರಿಸಿ ಕೊಡೆ ತೆಗೆದುಕೊಂಡು ಹೊರಟುಹೋದರು.

ಆ ಪತ್ತೇದಾರಿ ಪುಸ್ತಕ ಮಹಾದೇವಮ್ಮನದು. ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿ, ಅದರ ಮೇಲೆ ದುಂಡಗೆ "ಗೃಹವಿಜ್ಞಾನ" ಎಂದು ಬರೆದದ್ದು ಅವಳೇ. ಮೂವತ್ತಾರು ವರ್ಷದ ಗಂಡ ಸತ್ತ ಹೆಂಗಸು, ಹಣೆಯ ಮೇಲೆ ವಿಭೂತಿ ಬಿಟ್ಟರೆ ಬೇರೆ ಗುರುತಿಲ್ಲದವಳು, ದಾರಿಯಲ್ಲಿ ಎದುರಾದರೆ ಗಂಡಸರೂ ಪಕ್ಕಕ್ಕೆ ಸರಿದು ದಾರಿ ಬಿಡುವಂಥ ಗಾಂಭೀರ್ಯದ ಟೀಚರು, ಎಲ್ಲರ ಬಾಯಲ್ಲಿ ಅಕ್ಕೋರು, ಶಿರಾಳಕೊಪ್ಪದ ಸಂತೆಯಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂರುವವನ ಹತ್ತಿರ ತಮ್ಮನ ಮಗಳಿಗೆ ಮಗ್ಗಿ ಪುಸ್ತಕ ಬೇಕು ಎಂದು ಕೂತು, ಮಗ್ಗಿ ಪುಸ್ತಕದ ಅಡಿಯಲ್ಲಿ ಮುಸುಕು ಹಾಕಿದ ಕಳ್ಳನ ಚಿತ್ರದ ಪುಸ್ತಕ ಇಟ್ಟುಕೊಂಡು ಬರುತ್ತಿದ್ದಳು. ಆರು ವರ್ಷದಿಂದ ಹಾಗೆ. ಮನೆಯಲ್ಲಿ ತಮ್ಮ ಮಲ್ಲಿಕಾರ್ಜುನಪ್ಪನ ಕಣ್ಣಿಗೆ ಬೀಳಬಾರದೆಂದು ಶಾಲೆಯ ಮೇಜಿನ ಸೆಳೆಖಾನೆಯಲ್ಲೇ ಇಟ್ಟು, ಹುಡುಗಿಯರು ಲೆಕ್ಕ ಮಾಡುತ್ತಿರುವಾಗ ಎರಡೆರಡು ಪುಟ ಓದುತ್ತಿದ್ದಳು. ನಗು ಬಂದರೆ ಸೆರಗಿನ ತುದಿಯನ್ನು ಹಲ್ಲಿಗೆ ಕೊಟ್ಟು ಕೆಮ್ಮುತ್ತಿದ್ದಳು. "ಅಕ್ಕೋರಿಗೆ ಎದೆ ನೋವು ಕಾಣ್ತದೆ," ಎಂದು ಹುಡುಗಿಯರು ಮಾತಾಡಿಕೊಳ್ಳುವುದನ್ನೂ ಕೇಳಿಸಿಕೊಂಡಿದ್ದಳು. ಅದು ಹೂವಮ್ಮನ ಕಾಪಿ ಪುಸ್ತಕದೊಳಗೆ ಹೋದದ್ದು ಹೇಗೆ? ಶುಕ್ರವಾರ ಇನ್ಸ್‌ಪೆಕ್ಟರರ ಜೀಪು ಹೇಳದೆ ಕೇಳದೆ ಅಂಗಳಕ್ಕೆ ಬಂದು, ಕಾಪಿ ಪುಸ್ತಕಗಳನ್ನು ಗಂಟು ಕಟ್ಟಿಸಿ ಒಯ್ದಾಗ ಅವಳು ಹಿಂದಿನ ಕೋಣೆಯಲ್ಲಿ ಮೂರನೇ ಕ್ಲಾಸಿಗೆ ಪದ್ಯ ಹೇಳಿಕೊಡುತ್ತಿದ್ದಳು. ಸೆಳೆಖಾನೆ ಮುಚ್ಚಿದ ನೆನಪಿತ್ತು. ಮುಚ್ಚಿದ್ದೆನೋ, ಮುಚ್ಚಿದ್ದೇನೆ ಎಂದುಕೊಂಡಿದ್ದೆನೋ. ಮೈಮರೆವು ಬಂದಿದೆ ನನಗೆ, ಹಾಳು ಪುಸ್ತಕ ಓದಿ ಓದಿ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಒಳಗೆ ಇನ್ನೊಂದು ದನಿ ಸಣ್ಣಗೆ ಕೇಳುತ್ತಲೇ ಇತ್ತು: ಆ ಪತ್ತೇದಾರನ ಗತಿ ಏನಾಯಿತು?

ಯಾಕೆಂದರೆ ಅವಳು ನಿಲ್ಲಿಸಿದ್ದು ಅರವತ್ತನಾಲ್ಕನೇ ಪುಟದಲ್ಲಿ. ಆ ಪತ್ತೇದಾರ ದಪ್ಪ ಮನುಷ್ಯ, ಕನ್ನಡಕವಿಲ್ಲದೆ ಅವನಿಗೆ ಕಂಬಕ್ಕೂ ಕಳ್ಳನಿಗೂ ವ್ಯತ್ಯಾಸ ತಿಳಿಯದು, ಪಿಸ್ತೂಲು ತೆಗೆಯಬೇಕಾದಲ್ಲಿ ಜೇಬಿನಿಂದ ಬಾಳೆಹಣ್ಣು ತೆಗೆಯುವವನು. ಕದ್ದ ವಜ್ರದ ಬೆಂಡೋಲೆಗಳನ್ನು ಹಾರ್ಮೋನಿಯಂ ಪೆಟ್ಟಿಗೆಯ ಹೊಟ್ಟೆಯಲ್ಲಿಟ್ಟು ಕಳ್ಳ ಓಡುತ್ತಾನೆ, ಇವನು ಬೆನ್ನಟ್ಟಿ ಪೆಟ್ಟಿಗೆ ಕಿತ್ತುಕೊಳ್ಳುತ್ತಾನೆ, ಅಷ್ಟರಲ್ಲಿ ಕನ್ನಡಕ ಬಿದ್ದು, ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡವನೇ ಧೊಪ್ಪನೆ ಬಾವಿಗೆ. ಬೀಳುವಾಗ ಹಾರ್ಮೋನಿಯಂ ತಾನೇ ತಾನಾಗಿ ಒಂದು ರಾಗ ಎಳೆಯಿತು ಎಂದು ಬರೆದಿತ್ತು. ಅಲ್ಲಿಗೆ ಗಂಟೆ ಹೊಡೆದಿತ್ತು. ಈ ಬರೆಯುವವರ ಕೈಯಲ್ಲಿ ಇದೆಂಥ ವಿದ್ಯೆ ಎಂದು ಅವಳಿಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿರುವಾಗಲೇ ನಗಿಸುತ್ತಾರೆ, ನಗುತ್ತಿರುವಾಗಲೇ ಕತ್ತಿಗೆ ಚೂರಿ ಹಿಡಿಯುತ್ತಾರೆ. ಟ್ರೇನಿಂಗಿಗೆಂದು ಶಿವಮೊಗ್ಗದಲ್ಲಿದ್ದಾಗ ಗೆಳತಿಯರು ಎಳೆದುಕೊಂಡು ಹೋಗಿ ತೋರಿಸಿದ ಒಂದು ಸಿನಿಮಾದಲ್ಲೂ ಹಾಗೇ. ಬೆಂಕಿ ಬಿದ್ದ ಮನೆಯ ಛಾವಣಿಯ ಮೇಲೆ ಹೊಡೆದಾಟ ನಡೆದಿರುವಾಗ ಕೆಳಗೆ ಒಬ್ಬ ಪೊಲೀಸಿನವನು ಚಡ್ಡಿಯ ಗುಂಡಿ ಹುಡುಕುತ್ತಿದ್ದ. ಹೆಂಗಸರ ಬೆಂಚುಗಳಲ್ಲಿ ಎದ್ದ ನಗೆ ಇನ್ನೂ ಕಿವಿಯಲ್ಲಿತ್ತು. ಆ ನಗೆಯಲ್ಲಿ ತನ್ನದು ಯಾವುದು ಎಂದು ಯಾರಿಗೂ ಗೊತ್ತಾಗಲಿಲ್ಲವಲ್ಲ, ಅದೇ ಅವಳಿಗೆ ದೊಡ್ಡ ಸುಖವಾಗಿತ್ತು.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿತು. ಕುಬಟೂರಿನ ಕಡೆ ಹೋಗುವ ಗಾಡಿಗಳು ಸಾಲಾಗಿ ಎತ್ತು ಬಿಚ್ಚಿ ನಿಂತಿದ್ದವು. ಕುಬಟೂರು ಅವಳನ್ನು ಕೊಟ್ಟ ಊರು. ಅವಳಿಗೆ ಹತ್ತೊಂಬತ್ತಾಗಿದ್ದಾಗ ಆ ಊರಿನ ಮನೆಯ ಪಡಸಾಲೆಯಲ್ಲಿ ಸತ್ತ ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಸುತ್ತ ಹೆಂಗಸರು ಅಳುತ್ತಿದ್ದರು, ಅವಳೂ ಅಳುತ್ತಿದ್ದಳು. ಗಂಡನ ಸೋದರಮಾವ ಹೆಣಕ್ಕೆ ಹಾರ ಹಾಕಲು ಬಗ್ಗಿದಾಗ ಅವನ ದೊಡ್ಡ ರುಮಾಲು ಕಳಚಿ ವಿಭೂತಿಯ ತಟ್ಟೆಯೊಳಗೆ ಬಿದ್ದು, ಎದ್ದ ಧೂಳಿನಲ್ಲಿ ಅವನ ಮುಖ, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿ, ಅವನು ಕಣ್ಣು ಪಿಳಿಪಿಳಿ ಬಿಟ್ಟ. ಅವಳ ಗಂಟಲಿನಿಂದ ನಗು ಹೊರಟುಹೋಯಿತು. ಅಳು ನಿಂತಿರಲಿಲ್ಲ, ಅಳುವಿನ ಮಧ್ಯದಿಂದಲೇ ಬಂದದ್ದು ಅದು. ಅತ್ತೆ ಕೆನ್ನೆಗೆ ಹೊಡೆದಳು. ಹೊಡೆತಕ್ಕಿಂತ ಹೆಚ್ಚಾಗಿ, ತನ್ನೊಳಗೆ ಏನೋ ಕೆಟ್ಟದ್ದಿದೆ, ಸಾವನ್ನೂ ನೋಡಿ ನಗುವಂಥದ್ದು, ಎಂಬ ಭಯ ಅವತ್ತಿನಿಂದ ಹಿಡಿದುಕೊಂಡಿತು. ಹದಿನೇಳು ವರ್ಷ ಆ ಭಯಕ್ಕೆ ಗಾಂಭೀರ್ಯದ ಸೀರೆ ಉಡಿಸಿಕೊಂಡು ಓಡಾಡಿದ್ದಳು. ಸಂತೆಯಲ್ಲಿ ಕೊಂಡ ಆ ಮೊದಲ ಪುಸ್ತಕದಲ್ಲಿ, ಕೊಲೆಯಾದ ಸಾಹುಕಾರನ ಪಕ್ಕದಲ್ಲೇ ಒಬ್ಬ ಜವಾನ ಜಾರಿ ಬಿದ್ದು ಪೊಲೀಸಿನವನ ತೊಡೆಯ ಮೇಲೆ ಕೂತದ್ದನ್ನು ಓದಿದಾಗ ಅವಳು ಅದೇ ಪುಟವನ್ನು ಮತ್ತೆ ಎರಡು ಸಲ ಓದಿದ್ದಳು. ಎಲ್ಲೋ ಯಾರೋ ಒಬ್ಬ ಗಂಡಸು, ಹೆಂಡತಿ ಮಕ್ಕಳು ಇರುವವನು, ಇದನ್ನು ಬರೆದು ಅಚ್ಚು ಹಾಕಿಸಿದ್ದ. ಅವನ ಕೆನ್ನೆಗೆ ಯಾರೂ ಹೊಡೆದಿರಲಿಲ್ಲ.

"ಇಳೀರಿ ಅಕ್ಕೋರೇ, ಚಾ ಕುಡಿಯೋಣ," ಎಂದು ಕೆಳಗೆ ನಿಂತು ಮೇಷ್ಟ್ರು ಕರೆದರು. ಅವರು ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತು ಬಂದಿದ್ದರು. ಬೇಡ ಎಂದರೂ ಒಂದು ಲೋಟ ಕಿಟಕಿಯಿಂದ ಕೊಟ್ಟರು. ಯಾವತ್ತೂ ಇಷ್ಟು ವಿಶ್ವಾಸ ತೋರಿಸಿದವರಲ್ಲ. ಆ ಚಾದ ಬಿಸಿ ಅವಳ ಕೈಗೆ ಅವಮಾನದ ಹಾಗೆ ತಾಗಿತು. ಹೂವಮ್ಮನ ಮುಖ ನೆನಪಾಗಬಾರದು ಎಂದುಕೊಂಡಷ್ಟೂ ಅವಳ ಕೈ ನೆನಪಾಗುತ್ತಿತ್ತು. ಹನ್ನೊಂದು ವರ್ಷದ ಹುಡುಗಿ, ಬೆಳಿಗ್ಗೆ ಸೆಗಣಿ ಬಾಚಿ, ರೊಟ್ಟಿ ತಟ್ಟಿ, ಮೂರು ಮೈಲಿ ನಡೆದು ಬರುವವಳು. ಉಗುರ ಸಂದಿಯಲ್ಲಿ ಹಿಟ್ಟು ಒಣಗಿರುತ್ತಿತ್ತು, ಅಕ್ಷರ ಮಾತ್ರ ಮುತ್ತು. ಹೆಸರು ಹೊಡೆದರು ಎಂದು ಗೊತ್ತಾದ ದಿನ ಅವಳೇನೂ ಅಳುವುದಿಲ್ಲ. ತನ್ನ ತಪ್ಪೇನು ಎಂದೂ ಕೇಳುವುದಿಲ್ಲ. ಅಕ್ಕೋರು ಹೇಳಿದ್ದಾರೆ ಎಂದರೆ ಇರಬೇಕು ಎಂದುಕೊಂಡು ಸೆಗಣಿ ಬಾಚಲು ಹೋಗುತ್ತಾಳೆ. ಬಸ್ಸು ಮತ್ತೆ ಹೊರಟಾಗ ಮಹಾದೇವಮ್ಮ ಚಾ ಮುಟ್ಟದೆ ಲೋಟವನ್ನು ಹಾಗೆಯೇ ವಾಪಸು ಕೊಟ್ಟಿದ್ದಳು.

ಸೊರಬದಲ್ಲಿ ಇನ್ಸ್‌ಪೆಕ್ಟರರು ಇಳಿದುಕೊಂಡಿದ್ದ ಬಂಗಲೆಯ ವರಾಂಡದಲ್ಲಿ ಜವಾನ ಸಣ್ಣಬೀರಪ್ಪ ಅವರಿಬ್ಬರನ್ನೂ ಅರ್ಧ ಗಂಟೆ ನಿಲ್ಲಿಸಿದ. ಅವನು ಬಿಳೀ ಮೀಸೆಯ ಮುದುಕ. ಅವಳ ಕಡೆ ನೋಡದೆ ನೆಲ ನೋಡುತ್ತಿದ್ದುದರಿಂದ, ವಿಷಯ ಅವನಿಗೂ ಗೊತ್ತಿದೆ ಎಂದು ಅವಳಿಗೆ ಅರ್ಥವಾಯಿತು. ಒಳಗೆ ಇನ್ಸ್‌ಪೆಕ್ಟರರು ಸಣ್ಣ ಮೈಯ, ಕಬ್ಬಿಣದ ಕಡ್ಡಿಯ ಹಾಗೆ ನೆಟ್ಟಗೆ ಕೂತ ಮನುಷ್ಯ. ಮೇಜಿನ ಮೇಲೆ ಕಾಪಿ ಪುಸ್ತಕಗಳ ಗಂಟು, ಪಕ್ಕದಲ್ಲಿ "ಗೃಹವಿಜ್ಞಾನ". ಅದರ ಹೊದಿಕೆ ಅರ್ಧ ಕಿತ್ತು, ಮುಸುಕಿನ ಕಳ್ಳ ಒಂದು ಕಣ್ಣಿನಿಂದ ನೋಡುತ್ತಿದ್ದ.

"ಐದನೇ ಕ್ಲಾಸಿನ ಹುಡುಗಿ ಓದೋ ಪುಸ್ತಕವೇನ್ರೀ ಇದು?" ಎಂದರು ಇನ್ಸ್‌ಪೆಕ್ಟರರು.

"ಅಲ್ಲ ಸ್ವಾಮಿ. ವಿಚಾರಿಸಿದೀವಿ. ಮನೆ ಕಡೆಯೂ ಸರಿ ಇಲ್ಲ. ಹೆಸರು ತೆಗೆದುಹಾಕ್ತೀವಿ, ಬೇರೆ ಮಕ್ಕಳಿಗೂ ಬುದ್ಧಿ ಬರ್ತದೆ," ಎಂದರು ಮೇಷ್ಟ್ರು.

ಇನ್ಸ್‌ಪೆಕ್ಟರರು ಪೆನ್ನಿನ ಟೊಪ್ಪಿ ಬಿಚ್ಚಿದರು. ಹಾಳೆಯ ಮೇಲೆ "ಹೂ" ಎಂದು ಬರೆದರು. ಆ ಒಂದು ಅಕ್ಷರ ಹಸಿಯಾಗಿ ಹೊಳೆಯುವುದನ್ನು ಮಹಾದೇವಮ್ಮ ನೋಡಿದಳು. ಎಷ್ಟು ಸುಲಭ ಎಂದುಕೊಂಡಳು. ಉಳಿದ ಎರಡು ಅಕ್ಷರ ಬಿದ್ದರೆ ನಾನು ಸಂಜೆ ಮನೆಗೆ ಹೋಗಿ ಕೈಕಾಲು ತೊಳೆದು ಪೂಜೆಗೆ ಕೂರಬಹುದು. ಕೂತಾಗ ಹಿಟ್ಟು ಒಣಗಿದ ಆ ಹುಡುಗಿಯ ಬೆರಳು ಕಣ್ಣೆದುರು ಬರುವುದಿಲ್ಲವೇ?

"ಆ ಪುಸ್ತಕ ನಂದು ಸಾರ್," ಎಂದಳು.

ತನ್ನ ದನಿ ಇಷ್ಟು ದಪ್ಪಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಪೆನ್ನು ನಿಂತಿತು. ಮೇಷ್ಟ್ರು ಅವಳತ್ತ ತಿರುಗಿದ ರಭಸಕ್ಕೆ ಕುರ್ಚಿ ಕಿರ್ರೆಂದಿತು.

"ನಿಮ್ಮದೇ? ಇಂಥದ್ದನ್ನ ನೀವು ಓದ್ತೀರಾ?"

"ಓದ್ತೀನಿ. ಆರು ವರ್ಷದಿಂದ ಓದ್ತಾ ಇದೀನಿ. ಇಂಥವು ಒಂದು ಇಪ್ಪತ್ತು ಓದಿರಬಹುದು. ಓದಿದರೆ ನಗು ಬರ್ತದೆ."

ಇನ್ಸ್‌ಪೆಕ್ಟರರು ಒಮ್ಮೆ ಮುಸುಕಿನ ಕಳ್ಳನ ಕಡೆ, ಒಮ್ಮೆ ಅವಳ ಕಡೆ ನೋಡಿದರು. "ಹುಡುಗಿಯ ಪುಸ್ತಕದೊಳಗೆ ಹೇಗೆ ಹೋಯಿತು ಮತ್ತೆ?" ಎಂದರು.

ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಇವರೇ ಓದಲಿಕ್ಕೆ ಕೊಟ್ಟಿರಬೇಕು ಸ್ವಾಮಿ. ನನಗೆ ಹೀಗೆ ಅಂತ ಗೊತ್ತಿದ್ದರೆ ಮೊದಲೇ ರಿಪೋರ್ಟ್ ಮಾಡ್ತಿದ್ದೆ," ಎಂದುಬಿಟ್ಟರು. ಚಾ ಕೊಟ್ಟ ಅದೇ ಮನುಷ್ಯ. ಮಗುವಿಗೆ ಇಂಥ ಪುಸ್ತಕ ಕೊಟ್ಟವಳು ಎಂದರೆ ನೌಕರಿ ಉಳಿಯುವುದಿಲ್ಲ, ನೌಕರಿ ಹೋದರೆ ತಮ್ಮನ ಅಡಿಗೆಮನೆ ಬಿಟ್ಟರೆ ಬೇರೆ ಜಾಗವಿಲ್ಲ. ಏನಾದರೂ ಹಿಡಿದುಕೊಳ್ಳಬೇಕೆಂದು ಮೇಜಿನ ಮೇಲಿದ್ದ ಪುಸ್ತಕವನ್ನೇ ಕೈಗೆ ತೆಗೆದುಕೊಂಡಳು. ಅರವತ್ತನಾಲ್ಕರಲ್ಲಿ ಅವಳು ಮಡಿಸಿದ ಮೂಲೆ ಇತ್ತು. ಅದರಾಚೆ ಅವಳು ಕಾಣದ ಪುಟಗಳು. ಸುಮ್ಮನೆ ತಿರುವಿದಳು. ಎಪ್ಪತ್ತು, ಎಪ್ಪತ್ತೆರಡು. ಮೂಗಿನೊಳಗೆ ಏನೋ ಚುರುಗುಟ್ಟಿತು, ತಡೆಯುವಷ್ಟರಲ್ಲಿ ಸೀನು ಬಂತು. ಇನ್ನೊಂದು ಪುಟ, ಇನ್ನೊಂದು ಸೀನು. ಕಣ್ಣಲ್ಲಿ ನೀರು ತುಂಬಿಕೊಂಡೇ ಪುಟದ ಹೊಲಿಗೆಯ ಸಂದಿಯನ್ನು ನೋಡಿದಳು. ಕಂದುಬಣ್ಣದ ಪುಡಿ ಸಾಲಾಗಿ ಕೂತಿತ್ತು. ತೊಂಬತ್ತೊಂದನೇ ಪುಟದ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು, ಅದೇ ಬಣ್ಣದ್ದು. ಅಲ್ಲಿಂದ ಮುಂದೆ ಹಾಳೆಗಳು ಶುಭ್ರವಾಗಿದ್ದವು.

ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ನಶ್ಯದ ಡಬ್ಬಿಯ ಮುಚ್ಚಳ ಬಡಿಯುತ್ತಿದ್ದರು. ಇಪ್ಪತ್ತು ಪುಸ್ತಕಗಳಲ್ಲಿ ಇಪ್ಪತ್ತು ಸಲ ಅವಳು ಓದಿದ್ದ ಆ ಗಳಿಗೆ, ಕೋಣೆಯಲ್ಲಿ ಎಲ್ಲರೂ ಕೂತಿರುವಾಗ ಒಬ್ಬನಿಗೆ ಮಾತ್ರ ಎಲ್ಲ ಗೊತ್ತಾಗುವ ಗಳಿಗೆ, ಸೊರಬದ ಈ ಬಂಗಲೆಯಲ್ಲಿ, ಬಾಡಿದ ಗುಲಾಬಿಯ ಹೂದಾನಿಯ ಮುಂದೆ, ತನಗಾಗಿ ಬಂದಿತ್ತು. ಆತುರಪಡಬಾರದು ಎಂದೂ ಆ ಪುಸ್ತಕಗಳೇ ಕಲಿಸಿದ್ದವು. ಅವಳು ಸೆರಗಿನಿಂದ ಮೂಗೊರೆಸಿಕೊಂಡು ಇನ್ಸ್‌ಪೆಕ್ಟರರ ಕಡೆಗೆ ತಿರುಗಿ, ಬಹಳ ಸಾದಾ ದನಿಯಲ್ಲಿ ಹೇಳಿದಳು.

"ಸಾರ್, ನಾನು ಓದಿರೋದು ಅರವತ್ತನಾಲ್ಕರವರೆಗೆ. ಅದರಲ್ಲಿ ಒಬ್ಬ ದಪ್ಪ ಪತ್ತೇದಾರ ಇದಾನೆ. ಹಾರ್ಮೋನಿಯಂ ಸಮೇತ ಬಾವಿಗೆ ಬಿದ್ದು, ಈಜು ಬಾರದೆ ನೀರಲ್ಲಿ ಮುಳುಗಿ ಸತ್ತುಹೋಗ್ತಾನೆ. ಸತ್ತವನ ಕತೆ ಇನ್ನೇನು ಓದೋದು ಅಂತ ನಾನು ಅಲ್ಲಿಗೇ ಬಿಟ್ಟೆ."

ಪರಮಶಿವಪ್ಪನವರು ಇಪ್ಪತ್ತೆಂಟು ವರ್ಷ ಪಾಠ ಹೇಳಿದವರು. ಎದುರಿಗೆ ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಕೂರುವುದು ಆ ನಾಲಿಗೆಗೆ ಗೊತ್ತಿರಲಿಲ್ಲ. "ಎಲ್ಲಿ ಸಾಯ್ತಾನ್ರೀ," ಎಂದರು. "ನೀರೆಲ್ಲಿತ್ತು ಅದರಾಗೆ. ಹಾಳು ಬಾವಿ, ತುಂಬ ಹುಲ್ಲು ಹಾಕಿದ್ದರು. ಅವನು ಹುಲ್ಲಿನ ಮೇಲೆ ಬಿದ್ದು ಅಲ್ಲೇ ನಿದ್ದೆ..."

ಬಾಗಿಲಲ್ಲಿ ಸಣ್ಣಬೀರಪ್ಪ ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು. ಇನ್ಸ್‌ಪೆಕ್ಟರರು ಪೆನ್ನಿಗೆ ಟೊಪ್ಪಿ ಹಾಕಿ, "ಎಷ್ಟನೇ ಪುಟ ಮೇಷ್ಟ್ರೇ ಅದು?" ಎಂದು ಕೇಳಿದರು.

"ಅರವತ್ತಾರು," ಎಂದವರು ಕೈಯಿಂದ ಬಾಯಿ ಮುಚ್ಚಿಕೊಂಡರು.

ಮೊದಲು ನಕ್ಕದ್ದು ಮಹಾದೇವಮ್ಮ. ಸೆರಗು ಹಲ್ಲಿಗೆ ಸಿಗಲಿಲ್ಲ, ಸಿಕ್ಕರೂ ಅವಳು ಕಚ್ಚುತ್ತಿರಲಿಲ್ಲ. ಹೊಟ್ಟೆಯಿಂದ ಎದ್ದ ನಗೆ, ಇಬ್ಬರು ಪರಗಂಡಸರ ಮುಂದೆ, ಸರ್ಕಾರದ ಮೇಜಿನ ಮುಂದೆ. ಅವಳ ಹಿಂದೆ ಸಣ್ಣಬೀರಪ್ಪನದು ಕೆಮ್ಮಿನ ಹಾಗೆ ಒಡೆಯಿತು. ಕಬ್ಬಿಣದ ಕಡ್ಡಿಯಂಥ ಇನ್ಸ್‌ಪೆಕ್ಟರರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು, ಅವರ ಮೂಗಿನ ಹೊಳ್ಳೆ ಎರಡು ಮೂರು ಸಲ ಅದುರಿತು. ಮೇಷ್ಟ್ರು ಕೊನೆಗೆ ತಲೆತಗ್ಗಿಸಿ ಎಲ್ಲ ಹೇಳಿದರು. ಎರಡು ತಿಂಗಳಿಂದ ಅವಳ ಸೆಳೆಖಾನೆ ನೋಡುತ್ತಿದ್ದುದು, ಅವಳು ಹಿಂದಿನ ಕೋಣೆಗೆ ಹೋದಾಗಲೆಲ್ಲ ಓದುತ್ತಿದ್ದುದು, ಜೀಪಿನ ಸದ್ದಿಗೆ ಗಾಬರಿಯಾಗಿ ಕೈಗೆ ಸಿಕ್ಕ ಕಾಪಿ ಪುಸ್ತಕದೊಳಗೆ ತುರುಕಿದ್ದು. "ಯಾವ ಹುಡುಗೀದು ಅಂತ ಕೂಡ ನೋಡಲಿಲ್ಲ ಸ್ವಾಮಿ," ಎಂದರು.

"ನೋಡಲಿಲ್ಲ. ಆದರೆ ಹೆಸರು ಹೊಡೆಯೋಕೆ ಮಾತ್ರ ಬಂದ್ರಿ," ಎಂದರು ಇನ್ಸ್‌ಪೆಕ್ಟರರು. ಈ ಸಲ ನಗುವಿರಲಿಲ್ಲ.

"ನಾನೂ ನಿನ್ನೆ ಹೂಂ ಅಂತ ತಲೆಯಾಡಿಸಿದ್ದೆ ಸಾರ್," ಎಂದಳು ಮಹಾದೇವಮ್ಮ. ಇದನ್ನು ಯಾರೂ ಕೇಳಿರಲಿಲ್ಲ. ಹೇಳದಿದ್ದರೆ ಕತ್ತು ಮತ್ತೆ ನೆಟ್ಟಗಾಗುವುದಿಲ್ಲ ಎನ್ನಿಸಿತು, ಹೇಳಿದಳು. ಇನ್ಸ್‌ಪೆಕ್ಟರರು "ಹೂ" ಎಂದು ಬರೆದಿದ್ದ ಹಾಳೆಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಮೇಷ್ಟ್ರಿಗೆ ಬುಧವಾರದೊಳಗೆ ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಡಲು ಹೇಳಿದರು. ಪುಸ್ತಕವನ್ನು ಅವಳ ಕಡೆ ತಳ್ಳಿ, "ಶಾಲೆಗೆ ತರಬೇಡಿ," ಎಂದರು.

"ತರೋದಿಲ್ಲ. ಮನೇಲೇ ಓದ್ತೀನಿ. ಆದರೆ ಆ ಹುಡುಗಿ ಕಾಪಿ ಪುಸ್ತಕದ ಮೇಲೆ ನೀವು ಎರಡು ಮಾತು ಬರೆದು ರುಜು ಹಾಕಿಕೊಡಬೇಕು ಸಾರ್. ಅವರಪ್ಪನಿಗೆ ತೋರಿಸಬೇಕು."

ಅವರು ಹೂವಮ್ಮನ ಪುಸ್ತಕ ಹುಡುಕಿ ತೆಗೆದು, ಮೊದಲಿಂದ ಕೊನೆಯವರೆಗೆ ಒಂದೊಂದೇ ಪುಟ ನೋಡಿದರು. ಆಮೇಲೆ ಬರೆದರು: "ಅಕ್ಷರ ಬಹಳ ಚೆನ್ನಾಗಿದೆ. ಈ ಹುಡುಗಿಯನ್ನು ತಪ್ಪದೆ ಮುಂದಕ್ಕೆ ಓದಿಸತಕ್ಕದ್ದು." ಕೆಳಗೆ ರುಜು, ತಾರೀಖು, ಮೊಹರು. ಮೊಹರು ಕೇಳಿರಲಿಲ್ಲ ಅವಳು, ಅವರೇ ಒತ್ತಿದರು.

ಮೂರೂವರೆಯ ಬಸ್ಸಿನಲ್ಲಿ ಮೇಷ್ಟ್ರು ಮತ್ತೆ ಮುಂದಿನ ಸೀಟು ಹಿಡಿದು, ಹಿಂದೆ ತಿರುಗಲಿಲ್ಲ. ಮಹಾದೇವಮ್ಮ ಕಿಟಕಿಯ ಪಕ್ಕ ಕೂತು ಕ್ಯಾಲೆಂಡರಿನ ಹಾಳೆಯನ್ನು ಪೂರಾ ಕಿತ್ತು ಕಿಟಕಿಯಿಂದ ಬಿಟ್ಟಳು. ಮುಸುಕಿನ ಕಳ್ಳ ಪಿಸ್ತೂಲು ಹಿಡಿದು ಊರಿಗೆಲ್ಲ ಕಾಣುವಂತೆ ನಿಂತ. ಅರವತ್ತೈದನೇ ಪುಟದಿಂದ ಶುರುಮಾಡಿದಳು. ಪತ್ತೇದಾರ ಹುಲ್ಲಿನ ಮೇಲೆ ಗೊರಕೆ ಹೊಡೆಯುವಲ್ಲಿಗೆ ಬರುವಾಗ ಪಕ್ಕದಲ್ಲಿ ಪೊರಕೆಯ ಕಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮುದುಕಿ ಅವಳ ಮೊಣಕೈ ಮುಟ್ಟಿದಳು.

"ಏನ್ ಪುರಾಣ ತಾಯಿ ಅದು? ಒಬ್ಬರೇ ನಗ್ತೀರಿ."

"ಪುರಾಣ ಅಲ್ಲಮ್ಮ, ಕಳ್ಳನ ಕತೆ. ನಿಮ್ಮ ಹೆಸರೇನು?"

"ಮೂಕಮ್ಮ. ಕಳ್ಳನ ಕತೇಲಿ ನಗೋದೇನಿರ್ತದೆ? ನಮ್ಮನೇಲಿ ಕಳ್ಳ ಬಂದಾಗ ನಾನು ಮೂರು ದಿನ ಅತ್ತೀನಿ."

"ಕೇಳಿ ಹಾಗಾದರೆ," ಎಂದು ಮಹಾದೇವಮ್ಮ ಮೊದಲಿಂದ ಸಣ್ಣದಾಗಿ ಹೇಳಿ, ಬಾವಿಯಿಂದ ಮುಂದಕ್ಕೆ ಓದತೊಡಗಿದಳು. ಮೂಕಮ್ಮ ಕಳ್ಳನಿಗೆ ಬೈದಳು, ಪತ್ತೇದಾರನಿಗೆ ಬುದ್ಧಿ ಹೇಳಿದಳು, ಪೆಟ್ಟಿಗೆ ಕೈತಪ್ಪಿದಾಗ ಪೊರಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಂದಿನ ಸೀಟಿನವರು ಮುಂದಕ್ಕೆ ಬಾಗಿದರು. ಕಂಡಕ್ಟರ್ ಕೆಂಪಪ್ಪ ಟಿಕೆಟಿನ ಚೀಲ ಹೆಗಲಿಗೇರಿಸಿ ಕಂಬಕ್ಕೆ ಒರಗಿ ನಿಂತ. ಶಿರಾಳಕೊಪ್ಪದಲ್ಲಿ ಹತ್ತಿದವರಿಗೆ ಮೂಕಮ್ಮನೇ ಹಿಂದಿನ ಕತೆ ಹೇಳಿ ಕೂರಿಸಿದಳು. ಬಳ್ಳಿಗಾವಿಯ ತಿರುವಿನ ಹತ್ತಿರ, ಪತ್ತೇದಾರ ಹೆಂಗಸಿನ ವೇಷ ಹಾಕಿಕೊಂಡು ಕಳ್ಳರ ಮನೆಯಲ್ಲಿ ರೊಟ್ಟಿ ಸುಡುವ ಜಾಗಕ್ಕೆ ಬಂದಾಗ, ಬಸ್ಸಿನ ನಗೆಗೆ ಮೇಲೆ ಕಟ್ಟಿದ್ದ ಕೋಳಿಗಳು ಕೂಗಿಕೊಂಡವು. ಆಗ ಮುಂದಿನ ಸೀಟಿನಿಂದ, ತಲೆ ತಿರುಗಿಸದೆಯೇ, ಒಂದು ದನಿ ಬಂತು.

"ಸ್ವಲ್ಪ ಗಟ್ಟಿಯಾಗಿ ಓದ್ರೀ ಅಕ್ಕೋರೇ. ಇಂಜಿನ್ ಸದ್ದಿಗೆ ಇಲ್ಲಿ ಕೇಳಿಸೋದಿಲ್ಲ. ತೊಂಬತ್ತೊಂದರ ಮುಂದಿಂದು ನನಗೂ ಗೊತ್ತಿಲ್ಲ."

ಅವಳು ಗಟ್ಟಿಯಾಗಿ ಓದಿದಳು. ಶಿಕಾರಿಪುರ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ಬಸ್ಸು ನಿಂತಿತು, ಡ್ರೈವರ್ ಇಂಜಿನ್ ಆರಿಸಿದ, ಒಬ್ಬರೂ ಏಳಲಿಲ್ಲ. ಹತ್ತಲು ಕಾಯುತ್ತಿದ್ದವರು ಬಾಗಿಲಲ್ಲಿ ಏನಾಯಿತೆಂದು ಇಣುಕಿ, ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕತೆಯಲ್ಲಿ ದೀಪ ಆರಿತ್ತು, ಯಾರೋ ಪಿಸ್ತೂಲು ಎತ್ತಿದ್ದರು, ಪತ್ತೇದಾರನ ಸೀರೆಯ ಗಂಟು ಸಡಿಲವಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಜವಳಿ ಅಂಗಡಿಯಿಂದ ತಮ್ಮ ಮಲ್ಲಿಕಾರ್ಜುನಪ್ಪ ಇಳಿದು ಬಂದು ಕಿಟಕಿಯ ಕೆಳಗೆ ನಿಂತ. ಅಕ್ಕನ ಕೈಯಲ್ಲಿದ್ದ ಪುಸ್ತಕದ ಚಿತ್ರ ನೋಡಿದ, ಬಸ್ಸಿನೊಳಗಿನ ಮುಖಗಳನ್ನು ನೋಡಿದ, ಅವನ ಕಿವಿ ಕೆಂಪಾಯಿತು.

"ಅಕ್ಕ, ಇಳಿದು ಬಾ. ಜನ ಎಲ್ಲ ನೋಡ್ತಾ ಇದಾರೆ," ಎಂದ ಮೆಲ್ಲಗೆ.

"ನೋಡಲಿ ಬಿಡು. ಇನ್ನು ನಾಲ್ಕು ಪುಟ ಇದೆ," ಎಂದಳು ಮಹಾದೇವಮ್ಮ.

ಮೂಕಮ್ಮ ಪೊರಕೆಗಳನ್ನು ಸರಿಸಿ ಅವಳಿಗೆ ದಾರಿ ಮಾಡಿಕೊಟ್ಟಳು. ಮಹಾದೇವಮ್ಮ ಎದ್ದು ನಿಂತಳು, ಇಳಿಯುವುದಕ್ಕಲ್ಲ, ಹಿಂದೆ ಕೂತವರಿಗೂ ಕೇಳಲಿ ಎಂದು.